ಯೂರೋಪಿನ ರೈಲು ಪ್ರವಾಸ: ಹೊರಡುವ ಮುನ್ನ ನಾಲ್ಕು ಮಾತು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕಳಂಬೋಲಿಗೆ ಬಂದು ನೆಲೆಸಿದ ನಮ್ಮಂಥ ಕನ್ನಡ ಕುಟುಂಬಗಳಿಗೆ ಬಹುಕಾಲ ಈ ಎರಡೂ ಭಾಗ್ಯಗಳಿರಲಿಲ್ಲ. ಸಿಡ್ಕೋ ಮನೆಯ ಸಾಲದ ಕಂತು, ಮಕ್ಕಳ ಶಾಲೆಯ ಫೀಜು, ಉಕ್ಕು ಮಾರುಕಟ್ಟೆಯ ಗುಮಾಸ್ತಗಿರಿ, ಹೋಟೆಲಿನ ಗಲ್ಲಾ, ಇವುಗಳ ನಡುವೆ ನಮಗೆ ಪ್ರವಾಸವೆಂದರೆ ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವುದಷ್ಟೇ ಆಗಿತ್ತು. ಈಗ ಕಾಲ ಬದಲಾಗಿದೆ. ಮಕ್ಕಳು ಓದಿ ದುಡಿಯತೊಡಗಿದ್ದಾರೆ. ಕೆಲವರ ಮಕ್ಕಳು ಜರ್ಮನಿ, ಹಾಲೆಂಡ್ ದೇಶಗಳಲ್ಲಿಯೇ ಉದ್ಯೋಗದಲ್ಲಿದ್ದಾರೆ. ನಮ್ಮ ಮನೆಬಾಗಿಲಲ್ಲೇ ಎನ್ನುವಂತೆ ನವಿ ಮುಂಬಯಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ 2025ರ ಅಕ್ಟೋಬರ್ 8ರಂದು ಉದ್ಘಾಟನೆಗೊಂಡಿದೆ. ಆದುದರಿಂದ ಸಂಘದ ಸಭೆಗಳಲ್ಲಿ ಕಾಫಿಯ ಹೊತ್ತಿಗೆ, “ಈ ವರ್ಷ ಯೂರೋಪಿಗೆ ಹೋಗಿಬರೋಣ ಅಂತಿದ್ದೇವೆ” ಎನ್ನುವ ಮಾತು ಆಗಾಗ ಕೇಳಿಬರುತ್ತಿದೆ. ಇದು ಸಂತೋಷದ ಸಂಗತಿ.

ಆದರೆ ಈ ಮಾತಿನ ಬೆನ್ನಿಗೇ ಬರುವ ಇನ್ನೊಂದು ಮಾತು ನನ್ನನ್ನು ಚಿಂತೆಗೀಡು ಮಾಡುತ್ತದೆ. “ಎಷ್ಟು ದೇಶ?” ಎಂದು ಕೇಳುತ್ತಾರೆ. “ಹದಿನಾಲ್ಕು ದಿನದಲ್ಲಿ ಏಳು ದೇಶ” ಎಂದು ಹೇಳಿದವರಿಗೆ ಶಹಭಾಸ್‌ಗಿರಿ. “ಮೂರೇ ದೇಶ” ಎಂದವರಿಗೆ ಅನುಕಂಪ. ಮೊದಲ ಬಾರಿಗೆ ಯೂರೋಪಿಗೆ ಹೊರಡುವ, ಅದರಲ್ಲಿಯೂ ಅರವತ್ತು ದಾಟಿದ ದಂಪತಿಗಳು ಈ ಲೆಕ್ಕವನ್ನು ಕೈಬಿಡಬೇಕು ಎಂಬುದೇ ನನ್ನ ಈ ಲೇಖನದ ಅಭಿಪ್ರಾಯ. ಎಣಿಸಬೇಕಾದದ್ದು ಒಂದೊಂದು ಊರಿನಲ್ಲಿ ಕಳೆಯುವ ರಾತ್ರಿಗಳನ್ನು. ಯೋಜನೆಯನ್ನು ಹಾಕಬೇಕಾದದ್ದು ಭೂಪಟವನ್ನು ನೋಡಿಯಲ್ಲ, ತಂಡದಲ್ಲಿ ಎಲ್ಲರಿಗಿಂತ ದುರ್ಬಲರಾದವರ ಕಾಲನ್ನು ನೋಡಿ. ಈ ಮಾತನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

ನಾವು ಮಾಡಿದ ತಪ್ಪು

2018ರ ಮೇ ತಿಂಗಳಲ್ಲಿ ನಾನೂ ನನ್ನ ಪತ್ನಿಯೂ ಯೂರೋಪಿಗೆ ಹೋದೆವು. ನನಗೆ ಆಗ ಅರವತ್ತನಾಲ್ಕು, ಆಕೆಗೆ ಅರವತ್ತೊಂದು. ಆಕೆಗೆ ಹತ್ತು ವರ್ಷಗಳಿಂದ ಸಿಹಿಮೂತ್ರ ರೋಗ. ಯೋಜನೆ ಹಾಕಿದವನು ನಾನೇ. ಹದಿಮೂರು ರಾತ್ರಿಗಳಲ್ಲಿ ಎಂಟು ಊರುಗಳು: ಆಮ್‌ಸ್ಟರ್‌ಡಾಂ, ಬ್ರಸೆಲ್ಸ್, ಪ್ಯಾರಿಸ್, ಲುಸರ್ನ್, ಮಿಲಾನ್, ವೆನಿಸ್, ಫ್ಲಾರೆನ್ಸ್ ಮತ್ತು ರೋಮ್. ಇವುಗಳಲ್ಲಿ ನಾಲ್ಕು ಊರುಗಳಿಗೆ ಒಂದೊಂದೇ ರಾತ್ರಿ. ಕಾಗದದ ಮೇಲೆ ಅದು ಎಷ್ಟು ಸುಂದರವಾಗಿ ಕಾಣುತ್ತಿತ್ತೆಂದರೆ, ನಾನು ಅದನ್ನು ನಾಲ್ಕು ಪ್ರತಿ ಮಾಡಿಸಿ ಬಂಧುಗಳಿಗೆ ಹಂಚಿದ್ದೆ.

ಪ್ರವಾಸದ ಹತ್ತನೆಯ ದಿನ ಬೆಳಿಗ್ಗೆ ಮಿಲಾನಿನಿಂದ ವೆನಿಸಿಗೆ ಹೊರಡಬೇಕಾಗಿತ್ತು. ಎದ್ದದ್ದು ತಡವಾಯಿತು. “ತಿಂಡಿ ರೈಲಿನಲ್ಲಿ ಮಾಡಿದರಾಯಿತು” ಎಂದು ನಾನೇ ಅವಸರಪಡಿಸಿದೆ. ಆಕೆ ಅಭ್ಯಾಸದಂತೆ ಬೆಳಗಿನ ಮಾತ್ರೆಯನ್ನು ತೆಗೆದುಕೊಂಡಾಗಿತ್ತು. ಎರಡು ದೊಡ್ಡ ಪೆಟ್ಟಿಗೆಗಳನ್ನು ಎಳೆದುಕೊಂಡು ಓಡಿ, ಏದುಸಿರು ಬಿಡುತ್ತ ಬೋಗಿ ಹತ್ತಿದೆವು. ಪೆಟ್ಟಿಗೆಗಳನ್ನು ಬೋಗಿಯ ತುದಿಯ ಕಟ್ಟೆಯಲ್ಲಿಟ್ಟೆವು. ಅವುಗಳ ಮೇಲೆ ಇತರರು ತಮ್ಮ ಸಾಮಾನುಗಳನ್ನು ಒಟ್ಟಿದರು. ರೈಲು ಹೊರಟು ಅರ್ಧ ಗಂಟೆಯಾಗಿರಬಹುದು. ಆಕೆಯ ಕೈ ನಡುಗತೊಡಗಿತು, ಹಣೆಯಲ್ಲಿ ಬೆವರು ಒಡೆಯಿತು, ಕೇಳಿದ್ದಕ್ಕೆ ಉತ್ತರ ತೊದಲತೊಡಗಿತು. ಚಪಾತಿ, ಸಕ್ಕರೆ, ಗ್ಲೂಕೋಸ್ ಎಲ್ಲವೂ ಪೆಟ್ಟಿಗೆಯೊಳಗೆ, ಆ ರಾಶಿಯ ಅಡಿಯಲ್ಲಿ! ಎದುರಿನ ಆಸನದಲ್ಲಿದ್ದ ವೃದ್ಧೆಯೊಬ್ಬರು ನನ್ನ ಮಾತು ಅರ್ಥವಾಗದಿದ್ದರೂ ಆಕೆಯ ಮುಖವನ್ನು ನೋಡಿ ಅರ್ಥಮಾಡಿಕೊಂಡು, ತಮ್ಮ ಕೈಚೀಲದಿಂದ ಕಾಫಿಯಂಗಡಿಯ ಸಕ್ಕರೆಯ ಪೊಟ್ಟಣಗಳನ್ನು ತೆಗೆದು ಕೊಟ್ಟರು. ಕಾಲು ಗಂಟೆಯಲ್ಲಿ ಆಕೆ ಚೇತರಿಸಿಕೊಂಡಳು. ಆ ತಾಯಿಯ ಹೆಸರು ಕೇಳಲೂ ನನಗೆ ತೋಚಲಿಲ್ಲ.

ಇದರಲ್ಲಿ ರೈಲಿನವರ ತಪ್ಪೇನೂ ಇರಲಿಲ್ಲ, ಹೋಟೆಲಿನವರ ತಪ್ಪೂ ಇರಲಿಲ್ಲ. ತಪ್ಪು ನನ್ನ ಆ ಸುಂದರವಾದ ಕಾಗದದ್ದು. ಊರಿಗೆ ಮರಳಿದ ಮೇಲೆ ನೆರೆಯವರು ಏನೇನು ನೋಡಿದಿರಿ ಎಂದು ಕೇಳಿದಾಗ ಆಕೆ ನಗುತ್ತ ಹೇಳಿದ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ: “ನಂಗೆ ಸ್ಟೇಷನ್ನುಗಳೇ ನೆನಪಿಗೆ ಬರೋದು. ಮತ್ತೆಲ್ಲ ಇವರ ಫೋಟೋದಲ್ಲಿದೆ, ನೋಡಿ.”

ಲೆಕ್ಕ ಹಾಕಿ ನೋಡೋಣ

“ಇಷ್ಟು ಖರ್ಚು ಮಾಡಿ ಹೋಗುವುದು ಜೀವಮಾನದಲ್ಲಿ ಒಂದೇ ಸಲ, ಸಾಧ್ಯವಾದಷ್ಟೂ ನೋಡಿಬಿಡಬೇಡವೇ?” ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಭವಿಷ್ಯನಿಧಿಯ ಹಣದಲ್ಲಿ ಹೊರಟವನಿಗೆ ಪ್ರತಿಯೊಂದು ದಿನವೂ ಅಮೂಲ್ಯ. ಹಾಗಿರುವುದರಿಂದಲೇ ಲೆಕ್ಕ ಸರಿಯಾಗಿರಬೇಕು.

ಊರು ಬದಲಾಯಿಸುವ ದಿನ ಏನಾಗುತ್ತದೆಂಬುದನ್ನು ಗಮನಿಸಿ. ಬೆಳಿಗ್ಗೆ ಎದ್ದು ಸಾಮಾನು ಕಟ್ಟಬೇಕು. ಹೆಚ್ಚಿನ ಹೋಟೆಲುಗಳಲ್ಲಿ ಹನ್ನೊಂದು ಗಂಟೆಯ ಸುಮಾರಿಗೆ ಕೋಣೆ ಬಿಡಬೇಕು. ನಿಲ್ದಾಣಕ್ಕೆ ಹೋಗಿ ಕಾಯಬೇಕು. ಎರಡು ಮೂರು ಗಂಟೆ ಪ್ರಯಾಣ. ಹೊಸ ಊರಿನಲ್ಲಿಳಿದು ದಾರಿ ಹುಡುಕಬೇಕು. ಅಲ್ಲಿ ಕೋಣೆ ಸಿಗುವುದು ಮಧ್ಯಾಹ್ನ ಎರಡು ಅಥವಾ ಮೂರರ ಮೇಲೆ. ಕೈಕಾಲು ತೊಳೆದು ಹೊರಬೀಳುವಷ್ಟರಲ್ಲಿ ಸಂಜೆ. ಅಂದರೆ ಒಂದೊಂದು ಸ್ಥಳಾಂತರವೂ ಅರ್ಧ ದಿನವನ್ನಾದರೂ ನುಂಗುತ್ತದೆ. ಎಂಟು ಊರುಗಳಿಗೆ ಏಳು ಸ್ಥಳಾಂತರ. ಅಂದರೆ ಮೂರೂವರೆ ದಿನ. ಹದಿಮೂರು ದಿನಗಳಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ನಾವು ಪೆಟ್ಟಿಗೆ ಎಳೆಯುವುದರಲ್ಲಿ ಕಳೆದಿದ್ದೆವು. ಹೆಚ್ಚು ನೋಡುವ ಆಸೆಯಿಂದ ಕಡಿಮೆ ನೋಡಿದ್ದೆವು.

ನಮ್ಮ ಊರಿನ ಕಡೆಯ ಯಾತ್ರೆಯನ್ನು ನೆನಪಿಸಿಕೊಳ್ಳಿ. ಪನವೇಲಿನಲ್ಲಿ ಮತ್ಸ್ಯಗಂಧಾ ಹತ್ತಿ ಉಡುಪಿಯಲ್ಲಿ ಇಳಿದ ಮೇಲೆ ನಮ್ಮ ಹಿರಿಯರು ಏನು ಮಾಡುತ್ತಿದ್ದರು? ಉಡುಪಿಯಲ್ಲಿಯೇ ಬಿಡಾರ ಹೂಡಿ, ಒಂದು ದಿನ ಕೊಲ್ಲೂರು, ಇನ್ನೊಂದು ದಿನ ಶೃಂಗೇರಿ, ನಡುವೆ ಒಂದು ದಿನ ವಿಶ್ರಾಂತಿ, ಹೀಗೆ ಹೋಗಿಬರುತ್ತಿದ್ದರು. ರಾತ್ರಿ ಅದೇ ಹಾಸಿಗೆ, ಅದೇ ನೀರು, ಅದೇ ಗುರುತಿನ ಬೀದಿ. ಈ ಪದ್ಧತಿಯೇ ಯೂರೋಪಿಗೂ ಉತ್ತಮ. ಅಲ್ಲಿನ ರೈಲುಗಳು ಇದಕ್ಕೆಂದೇ ಹೇಳಿಮಾಡಿಸಿದಂತಿವೆ.

ಒಂದು ಮಾದರಿ

ನಾನು ಈಗ ಕೇಳಿದವರಿಗೆಲ್ಲ ಹೇಳುವ ಯೋಜನೆ ಹೀಗಿದೆ: ಪ್ಯಾರಿಸಿನಲ್ಲಿ ನಾಲ್ಕು ರಾತ್ರಿ, ಸ್ವಿಟ್ಜರ್‌ಲೆಂಡಿನ ಲುಸರ್ನ್‌ನಲ್ಲಿ ನಾಲ್ಕು, ಇಟಲಿಯ ಫ್ಲಾರೆನ್ಸಿನಲ್ಲಿ ಮೂರು, ರೋಮಿನಲ್ಲಿ ಮೂರು. ಒಟ್ಟು ಹದಿನಾಲ್ಕು ರಾತ್ರಿ, ಮೂರೇ ಸ್ಥಳಾಂತರ. ವಿಮಾನದ ಟಿಕೆಟನ್ನು ಪ್ಯಾರಿಸಿಗೆ ಹೋಗಿ ರೋಮಿನಿಂದ ಮರಳುವಂತೆ ಕೊಂಡರೆ ಹೋದ ದಾರಿಯಲ್ಲಿಯೇ ಹಿಂದಿರುಗುವ ಶ್ರಮ ತಪ್ಪುತ್ತದೆ.

ಪ್ಯಾರಿಸಿನಿಂದ ವೇಗದ ರೈಲಿನಲ್ಲಿ ಬಾಸೆಲ್‌ಗೆ ಸುಮಾರು ಮೂರು ಗಂಟೆ. ಅಲ್ಲಿ ರೈಲು ಬದಲಾಯಿಸಿದರೆ ಲುಸರ್ನ್‌ಗೆ ಒಂದು ಗಂಟೆ. ಲುಸರ್ನ್‌ನಿಂದ ಮಿಲಾನಿಗೆ ಹೋಗುವ ನೇರ ರೈಲುಗಳು ಗೊಟ್ಟಾರ್ಡ್ ತಳಸುರಂಗದ ಮೂಲಕ ಹಾದುಹೋಗುತ್ತವೆ. 2016ರಲ್ಲಿ ತೆರೆದ ಈ ಸುರಂಗದ ಉದ್ದ 57 ಕಿಲೋಮೀಟರು. ಕೊಂಕಣ ರೈಲ್ವೆಯ ಸುರಂಗಗಳಲ್ಲಿ ಉಸಿರು ಬಿಗಿಹಿಡಿದು ಕುಳಿತ ನಮಗೆ ಇದೊಂದು ವಿಸ್ಮಯ. ಮಿಲಾನಿನಿಂದ ಫ್ಲಾರೆನ್ಸಿಗೆ ಸುಮಾರು ಎರಡು ಗಂಟೆ, ಅಲ್ಲಿಂದ ರೋಮಿಗೆ ಒಂದೂವರೆ ಗಂಟೆ.

ಬಿಡಾರದಿಂದ ಹಗಲಿನಲ್ಲಿ ಹೋಗಿಬರುವ ಸ್ಥಳಗಳು ಬೇಕಾದಷ್ಟಿವೆ. ಪ್ಯಾರಿಸಿನಿಂದ ವರ್ಸೈ ಅರಮನೆ, ಲುಸರ್ನ್‌ನಿಂದ ಬರ್ನ್ ಅಥವಾ ಇಂಟರ್‌ಲಾಕೆನ್, ಫ್ಲಾರೆನ್ಸಿನಿಂದ ಪೀಸಾ. ಕೈಯಲ್ಲೊಂದು ಚೀಲ ಮಾತ್ರ. ಆಯಾಸವಾಯಿತೇ, ಮುಂದಿನ ರೈಲಿನಲ್ಲಿ ಮರಳಬಹುದು. ಮಳೆ ಬಂತೇ, ಆ ದಿನ ಹೋಗದಿದ್ದರೂ ನಷ್ಟವಿಲ್ಲ. ಈ ಸ್ವಾತಂತ್ರ್ಯಕ್ಕಾಗಿಯೇ ಅಲ್ಲವೇ ನಾವು ರೈಲನ್ನು ಆರಿಸಿಕೊಂಡದ್ದು?

ಲಂಡನ್ನನ್ನು ಈ ಪಟ್ಟಿಯಲ್ಲಿ ಸೇರಿಸಿಲ್ಲವೆಂದು ಕೆಲವರು ಮುನಿಯಬಹುದು. ಕಡಲಡಿಯ ಸುರಂಗದ ರೈಲು 1994ರಿಂದ ಓಡುತ್ತಿದೆ, ಪ್ಯಾರಿಸಿನಿಂದ ಎರಡು ಕಾಲು ಗಂಟೆಯ ಸುಮಾರು ಹಾದಿ, ನಿಜ. ಆದರೆ ಇಂಗ್ಲೆಂಡಿಗೆ ಪ್ರತ್ಯೇಕ ವೀಸಾ, ಪ್ರತ್ಯೇಕ ಶುಲ್ಕ, ಪ್ರತ್ಯೇಕ ತಪಾಸಣೆ. ಅದನ್ನು ಇನ್ನೊಂದು ಸಲಕ್ಕೆ ಬಿಡುವುದು ಲೇಸು.

ವೀಸಾ ಮತ್ತು ಕಾಲ

ಮೇಲಿನ ಮೂರು ದೇಶಗಳಿಗೂ ಶೆಂಗೆನ್ ವೀಸಾ ಒಂದೇ ಸಾಕು. 2025ರ ಆರಂಭದಿಂದ 29 ದೇಶಗಳು ಈ ಒಕ್ಕೂಟದಲ್ಲಿವೆ. ಇಲ್ಲಿ ಅನೇಕರು ಎಡವುವುದು ಒಂದು ಅಂಶದಲ್ಲಿ: ಅರ್ಜಿಯನ್ನು ಮೊದಲು ಕಾಲಿಡುವ ದೇಶಕ್ಕೆ ಹಾಕುವುದಲ್ಲ, ಹೆಚ್ಚು ದಿನ ತಂಗುವ ದೇಶಕ್ಕೆ ಹಾಕಬೇಕು. ನಮ್ಮ ಮಾದರಿಯಲ್ಲಿ ಫ್ರಾನ್ಸಿನಲ್ಲಿ ನಾಲ್ಕು, ಸ್ವಿಟ್ಜರ್‌ಲೆಂಡಿನಲ್ಲಿ ನಾಲ್ಕು, ಇಟಲಿಯಲ್ಲಿ ಆರು ರಾತ್ರಿ. ಆದುದರಿಂದ ಇಳಿಯುವುದು ಪ್ಯಾರಿಸಿನಲ್ಲಾದರೂ ಅರ್ಜಿ ಇಟಲಿಗೆ. ದಿನಗಳು ಸಮವಾಗಿದ್ದರೆ ಮಾತ್ರ ಮೊದಲು ಪ್ರವೇಶಿಸುವ ದೇಶಕ್ಕೆ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಸಲ್ಲಿಸಬಹುದು. ಕಡೆಯ ಗಳಿಗೆಯವರೆಗೆ ಕಾಯಬಾರದು. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚವನ್ನು ಭರಿಸುವ ವಿಮೆ ಕಡ್ಡಾಯ. ವಿಮೆ ಕೊಳ್ಳುವಾಗ, ಮೊದಲೇ ಇರುವ ರೋಗಗಳಿಗೆ ಅದು ಅನ್ವಯಿಸುವುದೇ ಎಂಬುದನ್ನು ಸಣ್ಣ ಅಕ್ಷರದಲ್ಲಿ ಮುದ್ರಿಸಿರುವ ನಿಯಮಗಳವರೆಗೂ ಓದಿರಿ. ಅಗ್ಗದ ವಿಮೆ ಬೇಕಾದ ಹೊತ್ತಿಗೆ ಕೈಕೊಡಬಹುದು. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಬೆರಳಚ್ಚು ಮತ್ತು ಭಾವಚಿತ್ರ ತೆಗೆದುಕೊಳ್ಳುವ ಹೊಸ ಪದ್ಧತಿ ಜಾರಿಗೆ ಬರತೊಡಗಿದೆ. ಆದುದರಿಂದ ಬಂದಿಳಿದ ದಿನವೇ ಮುಂದಿನ ರೈಲಿಗೆ ಟಿಕೆಟ್ ಕೊಳ್ಳುವುದು ಜಾಣತನವಲ್ಲ.

ಯೂರೋಪೆಂದರೆ ಸದಾ ಚಳಿ ಎಂಬ ನಂಬಿಕೆ ನಮ್ಮಲ್ಲಿದೆ. ಜುಲೈ, ಆಗಸ್ಟ್ ತಿಂಗಳ ಬಿಸಿಲನ್ನು ಕಂಡವರು ಹಾಗೆನ್ನಲಾರರು. ಅಲ್ಲಿನ ಬಹಳಷ್ಟು ಹಳೆಯ ಕಟ್ಟಡಗಳಲ್ಲಿ ಹವಾನಿಯಂತ್ರಣವಿರಲಿ, ಪಂಖಾ ಸಹ ಇರುವುದಿಲ್ಲ. 2003ರ ಆಗಸ್ಟಿನ ಬಿಸಿಗಾಳಿಯಲ್ಲಿ ಫ್ರಾನ್ಸ್ ಒಂದರಲ್ಲಿಯೇ ಸುಮಾರು 15,000 ಮಂದಿ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ವೃದ್ಧರು. ಹಿರಿಯರಿಗೆ ಮೇ ಅಥವಾ ಸೆಪ್ಟೆಂಬರ್ ತಿಂಗಳು ಹಿತಕರ.

ಪಾಸು, ಟಿಕೆಟು, ನಿಲ್ದಾಣ

ಯೂರೇಲ್ ಪಾಸಿನ ಹೆಸರು ಎಲ್ಲರೂ ಕೇಳಿದ್ದಾರೆ. 1959ರಲ್ಲಿ ಆರಂಭವಾದ ಈ ಪಾಸು ಇಂದು 33 ದೇಶಗಳಲ್ಲಿ ನಡೆಯುತ್ತದೆ. ಅರವತ್ತು ದಾಟಿದವರಿಗೆ ಶೇಕಡ 10 ರಿಯಾಯಿತಿಯೂ ಉಂಟು. ಆದರೆ ಪಾಸು ಇದ್ದ ಮಾತ್ರಕ್ಕೆ ಆಸನ ಸಿಕ್ಕಿತೆಂದಲ್ಲ. ಈ ಸತ್ಯವನ್ನು ಹಾರ್ಬರ್ ಮಾರ್ಗದಲ್ಲಿ ತಿಂಗಳ ಪಾಸು ಹಿಡಿದು ಮಾನಸರೋವರದಿಂದ ನಿಂತೇ ಪ್ರಯಾಣ ಮಾಡಿದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ! ಫ್ರಾನ್ಸಿನ ಮತ್ತು ಇಟಲಿಯ ವೇಗದ ರೈಲುಗಳಲ್ಲಿ ಪಾಸಿನ ಮೇಲೆ ಪ್ರತ್ಯೇಕ ಹಣ ಕೊಟ್ಟು ಆಸನ ಕಾದಿರಿಸಲೇಬೇಕು. ಸ್ವಿಟ್ಜರ್‌ಲೆಂಡ್, ಜರ್ಮನಿ, ಆಸ್ಟ್ರಿಯಾ ದೇಶಗಳೊಳಗಿನ ಹೆಚ್ಚಿನ ರೈಲುಗಳಲ್ಲಿ ಈ ಕಡ್ಡಾಯವಿಲ್ಲ.

ನಾಲ್ಕೇ ಬಿಡಾರದ ಯೋಜನೆಗೆ ಸಾಮಾನ್ಯವಾಗಿ ದೊಡ್ಡ ಪಾಸು ಬೇಕಾಗುವುದಿಲ್ಲ. ದೂರದ ಮೂರು ಪ್ರಯಾಣಗಳ ಟಿಕೆಟುಗಳನ್ನು ಎರಡು ಮೂರು ತಿಂಗಳು ಮುಂಚೆ ಬಿಡಿಯಾಗಿ ಕೊಂಡರೆ ಅಗ್ಗ. ಸ್ವಿಟ್ಜರ್‌ಲೆಂಡಿನ ದಿನಗಳಿಗೆ ಮಾತ್ರ ಆ ದೇಶದ ಪ್ರವಾಸಿ ಪಾಸನ್ನು ಪರಿಶೀಲಿಸಬಹುದು. ರೈಲು, ಬಸ್ಸು, ಸರೋವರದ ದೋಣಿಗಳಿಗೆ ಅದೊಂದೇ ಸಾಕು. ಅನೇಕ ವಸ್ತುಸಂಗ್ರಹಾಲಯಗಳಿಗೂ ಪ್ರವೇಶ ದೊರೆಯುತ್ತದೆ. ಅಲ್ಲಿಯೇ ಒಂದು ತಿಂಗಳ ಅರ್ಧದರದ ಕಾರ್ಡೂ ಇದೆ. ಕಾಗದ ಪೆನ್ಸಿಲು ಹಿಡಿದು ಎರಡನ್ನೂ ಹೋಲಿಸಿ ಕೊಳ್ಳಿ.

ನಿಲ್ದಾಣದ ವಿಷಯದಲ್ಲಿ ಎಚ್ಚರ ಅಗತ್ಯ. ಮುಂಬಯಿಗೆ ಹೊಸದಾಗಿ ಬಂದವನು ಕುರ್ಲಾ ಟರ್ಮಿನಸ್ಸಿನ ರೈಲಿಗೆ ಬಾಂಬೆ ಸೆಂಟ್ರಲ್ಲಿನಲ್ಲಿ ಹೋಗಿ ನಿಂತ ಕಥೆಗಳನ್ನು ನಾವು ಬಲ್ಲೆವು. ಪ್ಯಾರಿಸಿನಲ್ಲಿಯೂ ಹೀಗೆಯೇ. ಲಂಡನ್, ಬ್ರಸೆಲ್ಸ್ ಕಡೆಯ ರೈಲುಗಳು ಗಾರ್ ದ್ಯು ನಾರ್ ನಿಲ್ದಾಣಕ್ಕೆ. ಸ್ವಿಟ್ಜರ್‌ಲೆಂಡಿನ ಕಡೆಯವು ಗಾರ್ ದ ಲಿಯೋನ್ ನಿಲ್ದಾಣದಿಂದ. ಟಿಕೆಟಿನ ಮೇಲಿನ ನಿಲ್ದಾಣದ ಪೂರ್ಣ ಹೆಸರನ್ನು ಓದಿಕೊಳ್ಳಬೇಕು. ಪ್ಲಾಟ್‌ಫಾರಂ ಸಂಖ್ಯೆ ಫಲಕದ ಮೇಲೆ ಮೂಡುವುದು ಹೊರಡುವುದಕ್ಕೆ ಕೇವಲ ಇಪ್ಪತ್ತು ನಿಮಿಷ ಮುಂಚೆ ಎಂಬುದೂ ಉಂಟು. ಫ್ರಾನ್ಸಿನ ವೇಗದ ರೈಲುಗಳ ಬಾಗಿಲು ಹೊರಡುವ ವೇಳೆಗೆ ಎರಡು ನಿಮಿಷ ಮೊದಲೇ ಮುಚ್ಚುತ್ತದೆ. ನಡುವಿನ ನಿಲ್ದಾಣಗಳಲ್ಲಿ ರೈಲು ನಿಲ್ಲುವುದು ಎರಡು ಮೂರು ನಿಮಿಷ. ಅಷ್ಟರೊಳಗೆ ಸಾಮಾನು ಸಹಿತ ಇಳಿಯಬೇಕು. ಇಟಲಿಯ ಸ್ಥಳೀಯ ರೈಲುಗಳ ಕಾಗದದ ಟಿಕೆಟನ್ನು ಹತ್ತುವ ಮುನ್ನ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸದಿದ್ದರೆ, ಟಿಕೆಟಿದ್ದೂ ದಂಡ ತೆರಬೇಕಾದೀತು.

1995ರ ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ ಚಿತ್ರವನ್ನು ನೋಡಿ ಯೂರೋಪಿನ ರೈಲಿನ ಕನಸು ಕಂಡವರು ನಮ್ಮಲ್ಲಿ ಅನೇಕರು. ಆ ಚಿತ್ರದ ನಾಯಕ ನಾಯಕಿಯರಿಗೆ ಸ್ವಿಟ್ಜರ್‌ಲೆಂಡಿನಲ್ಲಿ ರೈಲು ತಪ್ಪುತ್ತದೆ. ಅದರಿಂದ ಪ್ರೇಮ ಹುಟ್ಟುತ್ತದೆ. ನಮ್ಮ ವಯಸ್ಸಿನವರಿಗೆ ರೈಲು ತಪ್ಪಿದರೆ ಊಟದ ಹೊತ್ತು ತಪ್ಪುತ್ತದೆ, ಮಾತ್ರೆಯ ಹೊತ್ತು ತಪ್ಪುತ್ತದೆ. ಓಡುವ ರೈಲಿನಿಂದ ಕೈಚಾಚಿ ನಾಯಕಿಯನ್ನು ಹತ್ತಿಸಿಕೊಳ್ಳುವ ಕೊನೆಯ ದೃಶ್ಯವಂತೂ ಚಿತ್ರಿತವಾದದ್ದು ನಮ್ಮ ಪನವೇಲಿನ ಆಚೆಯ ಆಪ್ಟಾ ನಿಲ್ದಾಣದಲ್ಲಿ, ಯೂರೋಪಿನಲ್ಲಲ್ಲ. ಅಲ್ಲಿನ ವೇಗದ ರೈಲುಗಳ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಕೈ ಹಿಡಿದೆಳೆಯಲು ಯಾರೂ ನಿಂತಿರುವುದಿಲ್ಲ.

ಸಾಮಾನು ಮತ್ತು ಬುತ್ತಿ

ಪನವೇಲಿನಲ್ಲಿ ಹಮಾಲಿ ಸಿಗುತ್ತಾನೆ; ಯೂರೋಪಿನ ನಿಲ್ದಾಣಗಳಲ್ಲಿ ಅಂಥವನನ್ನು ನಂಬಿಕೊಂಡು ಹೋಗಬೇಡಿ. ಒಬ್ಬರಿಗೆ ಒಂದೇ ಪೆಟ್ಟಿಗೆ, ಅದೂ ತಾವೇ ಎತ್ತಬಲ್ಲಷ್ಟು ಭಾರದ್ದು. ಇದಕ್ಕೊಂದು ಸುಲಭ ಪರೀಕ್ಷೆ: ತುಂಬಿದ ಪೆಟ್ಟಿಗೆಯನ್ನು ಹಿಡಿದು ಲಿಫ್ಟ್ ಇಲ್ಲದ ನಮ್ಮ ಸಿಡ್ಕೋ ಕಟ್ಟಡದ ಎರಡು ಮಹಡಿ ಹತ್ತಿ ನೋಡಿ. ನಡುವೆ ಎರಡು ಸಲಕ್ಕಿಂತ ಹೆಚ್ಚು ನಿಂತರೆ ಪೆಟ್ಟಿಗೆ ತೆರೆದು ಅರ್ಧ ಸಾಮಾನು ಹೊರಗೆ ತೆಗೆಯಿರಿ.

ಬುತ್ತಿಯ ವಿಷಯ. ಹೊರಗಿನ ದೇಶಗಳಿಂದ ಬರುವ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ತರುವುದನ್ನು ಯೂರೋಪಿನ ಒಕ್ಕೂಟ ನಿಷೇಧಿಸಿದೆ. ಆದುದರಿಂದ ಅಲ್ಲಿರುವ ಮಗನಿಗೆಂದು ಕಟ್ಟಿದ ಧಾರವಾಡ ಪೇಡ, ಮನೆಯ ತುಪ್ಪ ಎರಡೂ ಮನೆಯಲ್ಲಿಯೇ ಉಳಿಯಬೇಕು. ಮಾವಿನಹಣ್ಣನ್ನೂ ಹೀಗೇ ಒಯ್ಯುವಂತಿಲ್ಲ. ಒಗ್ಗರಣೆ ಅವಲಕ್ಕಿ, ಚಟ್ನಿಪುಡಿ, ಹುರಿಗಡಲೆ, ಎಣ್ಣೆ ಹಾಕಿದ ಚಪಾತಿ ಇವುಗಳಿಗೆ ತೊಂದರೆಯಿಲ್ಲ. ಬಿಡಾರದಲ್ಲಿ ಮೂರು ನಾಲ್ಕು ದಿನ ಇರುವವರು ಸಣ್ಣ ಅಡುಗೆಮನೆಯುಳ್ಳ ವಸತಿಯನ್ನು ಹಿಡಿದರೆ ಒಂದು ಹೊತ್ತಾದರೂ ಅನ್ನ ಸಾರು ಮಾಡಿಕೊಳ್ಳಬಹುದು. ದಿನಕ್ಕೊಂದು ಊರು ಬದಲಾಯಿಸುವವರಿಗೆ ಈ ಸುಖವಿಲ್ಲ. ಕುಡಿಯುವ ನೀರಿಗೆ ಹೆದರಬೇಕಾಗಿಲ್ಲ. ಪ್ಯಾರಿಸ್, ಲುಸರ್ನ್, ಫ್ಲಾರೆನ್ಸ್, ರೋಮ್ ನಗರಗಳ ನಲ್ಲಿಯ ನೀರು ಕುಡಿಯಲು ಯೋಗ್ಯ. ರೋಮಿನ ಬೀದಿಗಳಲ್ಲಿ ಸದಾ ಹರಿಯುವ ಕಾರಂಜಿ ನಲ್ಲಿಗಳೇ ಇವೆ. ಬಾಟಲಿಯೊಂದು ಕೈಯಲ್ಲಿದ್ದರೆ ಸಾಕು.

ಆರೋಗ್ಯದ ಮಾತು

ಈ ಸಂಚಿಕೆಯಲ್ಲಿ ವೈದ್ಯರ ಲೇಖನಗಳು ಇದ್ದೇ ಇರುತ್ತವೆ, ನಾನು ವೈದ್ಯನಲ್ಲ. ಪ್ರಯಾಣಿಕನಾಗಿ ಕಲಿತ ಕೆಲವನ್ನು ಮಾತ್ರ ಹೇಳುತ್ತೇನೆ.

ಹೊರಡುವ ಒಂದು ತಿಂಗಳ ಮೊದಲು ನಿಮ್ಮ ವೈದ್ಯರನ್ನು ಕಾಣಿರಿ. ಬೇಸಿಗೆಯಲ್ಲಿ ಪ್ಯಾರಿಸ್, ರೋಮ್‌ಗಳ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಇನ್ಸುಲಿನ್, ರಕ್ತದೊತ್ತಡದ ಮಾತ್ರೆ ಇತ್ಯಾದಿಗಳ ಹೊತ್ತನ್ನು ಹೇಗೆ ಹೊಂದಿಸಬೇಕೆಂದು ಅವರಿಂದಲೇ ಬರೆಸಿಕೊಳ್ಳಬೇಕು. ಔಷಧಿಗಳು ಪೂರ್ಣಾವಧಿಗಿಂತ ಒಂದು ವಾರ ಹೆಚ್ಚಿಗೆ ಇರಲಿ, ಎಲ್ಲವೂ ಕೈಚೀಲದಲ್ಲಿರಲಿ. ಇನ್ಸುಲಿನ್ನನ್ನು ವಿಮಾನದ ಸರಕಿನ ಕೋಣೆಗೆ ಹೋಗುವ ಪೆಟ್ಟಿಗೆಯಲ್ಲಿ ಇಡಲೇಬಾರದು. ಅಲ್ಲಿನ ಶೀತದಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು. ಔಷಧಿಯ ವ್ಯಾಪಾರಿ ಹೆಸರು ಅಲ್ಲಿ ಯಾರಿಗೂ ತಿಳಿಯದು. ಮೂಲ ಔಷಧದ ಹೆಸರನ್ನು ಬರೆದ ಚೀಟಿ ಜೊತೆಗಿರಬೇಕು. ನಮ್ಮಲ್ಲಿಯಂತೆ ಅಂಗಡಿಗೆ ಹೋಗಿ ಖಾಲಿ ಹಾಳೆ ತೋರಿಸಿದರೆ ಅಲ್ಲಿ ಮಾತ್ರೆ ಕೊಡುವುದಿಲ್ಲ.

ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ಅಥವಾ ಇನ್ಸುಲಿನ್ನನ್ನು ತೆಗೆದುಕೊಂಡ ಮೇಲೆ ಊಟ ತಡವಾದರೆ ನನ್ನ ಪತ್ನಿಗೆ ಆದಂತೆಯೇ ಆಗುತ್ತದೆ. ಬೆವರು, ನಡುಕ, ಮಂಕು ಕಂಡ ಕೂಡಲೇ ಮೂರು ಟೀ ಚಮಚದಷ್ಟು ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಡಬೇಕು. ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 112ಕ್ಕೆ ಕರೆಮಾಡಬೇಕು. ಯೂರೋಪಿನ ಒಕ್ಕೂಟದ ಎಲ್ಲ ದೇಶಗಳಲ್ಲಿಯೂ ಸ್ವಿಟ್ಜರ್‌ಲೆಂಡಿನಲ್ಲಿಯೂ ತುರ್ತು ಸಂಖ್ಯೆ ಇದೇ. ಸಕ್ಕರೆಯ ಪೊಟ್ಟಣ ಇಬ್ಬರ ಜೇಬಿನಲ್ಲಿಯೂ ಇರಲಿ, ಪೆಟ್ಟಿಗೆಯಲ್ಲಲ್ಲ.

ಅಲ್ಲಿ ದಿನಕ್ಕೆ ಎಂಟು ಹತ್ತು ಕಿಲೋಮೀಟರು ನಡೆಯುವುದು ತೀರ ಸಾಮಾನ್ಯ. ಹಳೆಯ ಊರುಗಳ ಬೀದಿಗೆ ಹಾಸಿದ್ದು ಉಬ್ಬುತಗ್ಗಿನ ಕಲ್ಲು. ಎರಡು ತಿಂಗಳು ಮೊದಲಿನಿಂದ ಬೆಳಗಿನ ಹೊತ್ತು ಖಾರ್ಘರ್‌ನ ಸೆಂಟ್ರಲ್ ಪಾರ್ಕಿನಲ್ಲೋ ನಮ್ಮ ಸೆಕ್ಟರುಗಳ ಒಳರಸ್ತೆಗಳಲ್ಲೋ, ಅಲ್ಲಿಗೆ ಒಯ್ಯಲಿರುವ ಬೂಟುಗಳನ್ನೇ ಧರಿಸಿ ನಡೆದು ರೂಢಿಮಾಡಿಕೊಳ್ಳಿ. ಹೊಸ ಬೂಟಿನಲ್ಲಿ ವಿಮಾನ ಹತ್ತಿದವರು ಪ್ಯಾರಿಸನ್ನು ಬೊಬ್ಬೆಗಳ ಮೂಲಕವೇ ನೋಡಿದ್ದಾರೆ.

ಸ್ವಿಟ್ಜರ್‌ಲೆಂಡಿಗೆ ಹೋದವರೆಲ್ಲ ಯುಂಗ್‌ಫ್ರಾವ್ ಶಿಖರದ ನಿಲ್ದಾಣಕ್ಕೆ ಹೋಗಲೇಬೇಕೆನ್ನುತ್ತಾರೆ. 1912ರಷ್ಟು ಹಿಂದೆಯೇ ಬೆಟ್ಟವನ್ನು ಕೊರೆದು ರೈಲನ್ನು ಹತ್ತಿಸಿದ ಆ ಸಾಹಸ ನೋಡತಕ್ಕದ್ದೇ. ಆದರೆ ಅದರ ಎತ್ತರ 3,454 ಮೀಟರು. ಕಡಲಮಟ್ಟದ ಕಳಂಬೋಲಿಯಲ್ಲಿ ಬಾಳಿದ ಶರೀರ ಕೆಲವೇ ಗಂಟೆಗಳಲ್ಲಿ ಅಷ್ಟು ಎತ್ತರಕ್ಕೇರಿದಾಗ ತಲೆಸುತ್ತು, ಏದುಸಿರು ಸಹಜ. ಹೃದಯದ ಅಥವಾ ಶ್ವಾಸಕೋಶದ ತೊಂದರೆಯುಳ್ಳವರು ವೈದ್ಯರ ಅನುಮತಿಯಿಲ್ಲದೆ ಹೋಗಕೂಡದು. ಹೋಗಲಾಗದವರು ಲುಸರ್ನ್ ಸರೋವರದ ದೋಣಿಯಲ್ಲಿ ಕುಳಿತು ಅದೇ ಆಲ್ಪ್ಸ್ ಶ್ರೇಣಿಯನ್ನು ನೋಡಬಹುದು. ಅದು ಎರಡನೆಯ ದರ್ಜೆಯ ಸುಖವೇನೂ ಅಲ್ಲ.

ತಂಡದ ಪ್ರವಾಸ ಬೇಡವೇ?

ಇಷ್ಟೆಲ್ಲ ಹೇಳಿದ ಮೇಲೆ, ಕಂಪನಿಗಳು ಏರ್ಪಡಿಸುವ ತಂಡದ ಪ್ರವಾಸಗಳನ್ನು ನಾನು ಹೀಗಳೆಯುತ್ತಿದ್ದೇನೆಂದು ಯಾರೂ ಭಾವಿಸಬಾರದು. ಮೊಬೈಲಿನಲ್ಲಿ ಟಿಕೆಟು ತೆಗೆಯಲು ಬಾರದವರು, ಒಂಟಿಯಾಗಿ ಹೋಗಲು ಅಂಜುವವರು, ದಾರಿಯಲ್ಲಿ ನಮ್ಮ ಊಟವೇ ಬೇಕೆನ್ನುವವರು ಅವುಗಳಿಂದ ಉಪಕೃತರಾಗಿದ್ದಾರೆ. ಪೆಟ್ಟಿಗೆಯನ್ನು ಬಸ್ಸಿಗೆ ಏರಿಸುವವರೂ ಅಲ್ಲಿ ಇರುತ್ತಾರೆ. ಆದರೆ ಅಲ್ಲಿಯೂ ಕರಪತ್ರದ ಮೇಲಿನ ದೇಶಗಳ ಸಂಖ್ಯೆಯನ್ನು ನೋಡದೆ, ಒಂದೇ ಹೋಟೆಲಿನಲ್ಲಿ ಎಷ್ಟು ರಾತ್ರಿ ಎಂಬುದನ್ನು ಕೇಳಿರಿ. ಅದೇ ಅಳತೆಗೋಲು ಇಲ್ಲಿಗೂ ಸಲ್ಲುತ್ತದೆ.

ಮಕ್ಕಳಿಗೂ ಒಂದು ಮಾತು ಹೇಳಬೇಕಾಗಿದೆ. ತಂದೆತಾಯಿಗಳಿಗೆ ಯೂರೋಪನ್ನು ತೋರಿಸಬೇಕೆಂಬ ನಿಮ್ಮ ಹಂಬಲ ಶ್ಲಾಘನೀಯ. ಆದರೆ ಮೂವತ್ತು ವರ್ಷದ ಕಾಲುಗಳು ಹಾಕಿದ ಯೋಜನೆಯಲ್ಲಿ ಅರವತ್ತೈದರ ಕಾಲುಗಳು ನಡೆಯಲಾರವು; ನಡೆದರೂ ಬಾಯಿಬಿಟ್ಟು ಹೇಳಲಾರವು. ಮಗ ಖರ್ಚು ಮಾಡಿದ್ದಾನೆ, ಬೇಸರಪಟ್ಟುಕೊಂಡಾನು ಎಂದು ಮಂಡಿಯ ನೋವನ್ನು ನುಂಗಿಕೊಂಡು ನಡೆಯುವ ತಾಯಂದಿರು ನಮ್ಮಲ್ಲಿ ಎಷ್ಟಿಲ್ಲ? ಅವರು ಕೇಳುವುದಿಲ್ಲ, ನೀವೇ ಕೇಳಿ ನಿಲ್ಲಿಸಬೇಕು.

ಕೊನೆಯದಾಗಿ, ಹೊರಡುವ ಮುನ್ನ ಸ್ವಲ್ಪ ಓದಿಕೊಳ್ಳೋಣ. 1930ರ ದಶಕದಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದ ವಿ. ಕೃ. ಗೋಕಾಕರು ‘ಸಮುದ್ರದಾಚೆಯಿಂದ’ ಬರೆದರು. ಶಿವರಾಮ ಕಾರಂತರು ಯೂರೋಪು ಸುತ್ತಿ ‘ಅಪೂರ್ವ ಪಶ್ಚಿಮ’ವನ್ನು ಕೊಟ್ಟರು. ಕನ್ನಡದ ಕಣ್ಣಿನಿಂದ ಪಶ್ಚಿಮವನ್ನು ನೋಡುವುದು ಹೇಗೆಂದು ತಿಳಿಯಲು ಇಂಥ ಪುಸ್ತಕಗಳು ಇಂದಿಗೂ ಬೇಕು. ದೇಶ ಸುತ್ತುವವನಿಗೂ ಕೋಶ ಬೇಕು.

ಮುಂದಿನ ಮೇ ತಿಂಗಳಲ್ಲಿ ನಾವಿಬ್ಬರೂ ಮತ್ತೊಮ್ಮೆ ಹೊರಡುವವರಿದ್ದೇವೆ, ದೇವರ ದಯೆಯಿದ್ದರೆ. ಈ ಸಲ ಯೋಜನೆ ಹಾಕಿದವಳು ನನ್ನ ಪತ್ನಿ. ಎರಡೇ ಊರು, ಹತ್ತು ರಾತ್ರಿ. ವೆನಿಸಿನಲ್ಲಿ ಐದು ರಾತ್ರಿ ಏಕೆಂದು ನಾನು ಕೇಳಿದಾಗ ಆಕೆ, “ಅವತ್ತು ಅದನ್ನು ನೋಡಿದ್ದು ನೀವು ಮಾತ್ರ” ಎಂದಳು. ನಾನು ಮರುಮಾತಾಡಲಿಲ್ಲ. ಹೊರಡುವ ಎಲ್ಲ ಬಂಧುಗಳ ಪ್ರಯಾಣವೂ ಸುಖಕರವಾಗಲಿ.